ಹಲಸೂರಿಗೆ ಬಂದ ಶತ್ರು ಟ್ಯಾಂಕು

ಕಾರ್ಗಿಲ್ ಯುದ್ಧ ನಡೆದದ್ದು ದೂರದ ಹಿಮದ ಬೆಟ್ಟಗಳ ಮೇಲೆ. ಆದರೆ ಶತ್ರುವಿನಿಂದ ವಶಪಡಿಸಿಕೊಂಡ ಸಾಮಾನು ಮಾತ್ರ, ಅದೇನು ಮಾಯೆಯೋ, ಒಂದಾದ ಮೇಲೊಂದು ನಮ್ಮ ಹಲಸೂರಿಗೇ ಬಂದು ಬೀಳುತ್ತಿತ್ತು. ಒಂದು ಮುಗಿಯಿತಪ್ಪಾ ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು.

ನಾನು ಆಗ ಬೋರ್ಡು ಬರೆಯುವ ಪೇಂಟರ್. ಹಲಸೂರಿನ ಬಜಾರಿನ ಪಕ್ಕದ ಗಲ್ಲಿಯಲ್ಲಿ ಒಂದು ಕೋಣೆಯಷ್ಟು ಅಂಗಡಿ. ಎಲ್ಲರೂ ಯುದ್ಧವನ್ನು ಟಿವಿಯಲ್ಲಿ ನೋಡಿದರು. ನಾನು ಅದರ ಒಂದು ಪಾಲನ್ನು ಎನಾಮಲ್ ಪೇಂಟಿನಲ್ಲಿ ಬರೆದೆ. ಹಾಗಾಗಿ ಏನು ಸಿಕ್ಕಿತು, ಎಲ್ಲಿ ಸಿಕ್ಕಿತು ಎನ್ನುವುದು ನನಗೆ ಸ್ವಲ್ಪ ಹೆಚ್ಚೇ ಗೊತ್ತು.

ಇಪ್ಪತ್ತನಾಲ್ಕು ಗಂಟೆ ಸೇವೆ

ನಮ್ಮ ಗಲ್ಲಿಯ ತಿರುವಿನಲ್ಲಿ ಒಂದು ಎಸ್‌ಟಿಡಿ ಬೂತ್ ಇತ್ತು. ನಡೆಸುತ್ತಿದ್ದವಳು ಒಬ್ಬ ಹುಡುಗಿ. ಬೋರ್ಡು ಬರೆದುಕೊಟ್ಟವನು ನಾನು. ಎಸ್‌ಟಿಡಿ ಬೂತ್ ಅಂದಮೇಲೆ ಹಳದಿ ಬಣ್ಣ, ಕಪ್ಪು ಅಕ್ಷರ, ಅಡಿಯಲ್ಲಿ ಕೆಂಪಿನಲ್ಲಿ ‘ಇಪ್ಪತ್ತನಾಲ್ಕು ಗಂಟೆ ಸೇವೆ’. ಇದು ನಮ್ಮ ಕಸುಬಿನ ಪದ್ಧತಿ. ಬರೆಯಿರಿ ಎಂದು ಯಾರೂ ಹೇಳುವುದಿಲ್ಲ, ಬರೆಯದೆ ನಾವೂ ಬಿಡುವುದಿಲ್ಲ. ಬೋರ್ಡು ತೂಗುಹಾಕಿ ಏಣಿ ಇಳಿದರೆ ಹಿಂದೆ ಹಿರಿಯರೊಬ್ಬರು ಕೈಕಟ್ಟಿ ನಿಂತಿದ್ದರು.

“ಇದನ್ನ ಬರೆದಿದ್ದು ಯಾರಪ್ಪಾ?”

“ನಾನೇ ಸಾರ್.”

“ರಾತ್ರಿ ಎರಡು ಗಂಟೆಗೆ ಬಂದ್ರೆ ಇಲ್ಲಿ ಫೋನ್ ಮಾಡ್ಬೋದಾ?”

“ಇಲ್ಲ ಸಾರ್, ಒಂಬತ್ತಕ್ಕೆ ಬಾಗಿಲು ಹಾಕ್ತಾರೆ.”

“ಮತ್ತೆ?”

“ಎಲ್ಲಾ ಬೂತಿಗೂ ಹಂಗೇ ಬರೀತೀವಿ ಸಾರ್.”

“ಎಲ್ರೂ ಟಿಕೆಟ್ ತಗೊಳ್ದೆ ಹತ್ತಿದ್ರೆ ಅದು ಫ್ರೀ ಬಸ್ಸು ಆಗ್ಬಿಡುತ್ತಾ?”

ಅವರು ಹುಡುಗಿಯ ತಂದೆ. ಸಿಟಿ ಬಸ್ಸುಗಳಲ್ಲಿ ಟಿಕೆಟ್ ಚೆಕ್ ಮಾಡುವ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಜನ ಸುಳ್ಳು ಹೇಳುವುದನ್ನು ಸರ್ವೀಸ್ ಪೂರ್ತಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತೇ ಕೇಳಿದವರು. ಅವರಿಗೆ ವಿಶೇಷ ತಿಳಿವಳಿಕೆ ಅಂತ ಏನೂ ಇರಲಿಲ್ಲ. ನಂಬುವ ಅಭ್ಯಾಸ ಇರಲಿಲ್ಲ, ಅಷ್ಟೇ. ಹಾಲಿನವನು ಹಾಲು ತಂದುಕೊಟ್ಟರೆ ಒಂದು ಸಲ ಅವನ ಮುಖ ನೋಡಿ, ಆಮೇಲೆ ಪಾತ್ರೆ ಒಡ್ಡುತ್ತಿದ್ದರು.

ನನಗೆ ಆ ಹುಡುಗಿಯನ್ನು ಮದುವೆಯಾಗಬೇಕು ಎಂದು ಬಹಳ ಆಸೆ. ಅವಳೂ “ನಮ್ಮಪ್ಪ ಒಪ್ಪಿದ್ರೆ ಆಯ್ತು” ಎನ್ನುವವರೆಗೆ ಬಂದಿದ್ದಳು. ಎರಡೂ ಮನೆಗಳಲ್ಲಿ ಬೇರೆ ತಕರಾರಿಗೆ ಜಾಗವಿರಲಿಲ್ಲ. ಇದ್ದ ತೊಡಕು ಒಂದೇ. ನಾನು ಬೋರ್ಡು ಬರೆಯುವವನು, ಅವರು ಬೋರ್ಡು ಓದುವವರು.

ಮಾರನೆಯ ದಿನವೇ ಕೆಂಪಕ್ಷರ ಅಳಿಸಿ ‘ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತು’ ಎಂದು ಬರೆದೆ. ಅವರು ಬಂದು ಓದಿದರು. ಸಂತೋಷಪಡುತ್ತಾರೆ ಎಂದು ನಾನು ಕಾದೆ. ಅವರು ಕೈಗಡಿಯಾರ ನೋಡಿಕೊಂಡು, “ಎಂಟೂ ಹತ್ತಾಯ್ತು. ಇನ್ನೂ ಬಾಗಿಲೇ ತೆಗೆದಿಲ್ಲ” ಎಂದು ಮಗಳನ್ನು ಕರೆದುಕೊಂಡು ಬರಲು ಮನೆಗೆ ಹೋದರು.

ಒಡೆದ ಮೂಲೆಯ ಪೆಟ್ಟಿಗೆ

ಯುದ್ಧ ಜೋರಾಗಿದ್ದಾಗ ಗಲ್ಲಿಯ ಕಾಫಿ ಹೋಟೆಲಿನಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಹೋಟೆಲ್ ಮಾಲೀಕರು ದೇವರ ಪಟದ ಪಕ್ಕದಲ್ಲಿ ಟಿವಿ ಇಟ್ಟಿದ್ದರು. ಊದಿನಕಡ್ಡಿ ಎರಡಕ್ಕೂ ಸೇರಿ ಒಂದೇ. ಸಂಜೆಯ ವಾರ್ತೆಯಲ್ಲಿ ಒಂದು ದಿನ, ಯಾವುದೋ ಬೆಟ್ಟದ ಮೇಲೆ ಶತ್ರು ಬಿಟ್ಟು ಓಡಿದ ಗುಂಡಿನ ಪೆಟ್ಟಿಗೆ ಅಂತ ಒಂದು ಮರದ ಪೆಟ್ಟಿಗೆ ತೋರಿಸಿದರು. ಹೋಟೆಲಿನಲ್ಲಿ ಚಪ್ಪಾಳೆ. ಎರಡು ದಿನ ಬಿಟ್ಟು ಇನ್ನೊಂದು ಬೆಟ್ಟ, ಇನ್ನೊಂದು ಪೆಟ್ಟಿಗೆ. ಮತ್ತೆ ಚಪ್ಪಾಳೆ.

ಇನ್‌ಸ್ಪೆಕ್ಟರು ಲೋಟ ಕೆಳಗಿಟ್ಟು, “ಇದು ಮೊನ್ನೆ ಪೆಟ್ಟಿಗೆ” ಅಂದರು.

ಹೋಟೆಲಿನಲ್ಲಿದ್ದವರೆಲ್ಲ ಅವರ ಕಡೆ ತಿರುಗಿದರು. ಆ ದಿನಗಳಲ್ಲಿ ಅಂಥ ಮಾತು ಆಡುವುದೆಂದರೆ ತಮಾಷೆಯಲ್ಲ.

ಮಾಲೀಕರು ಸಮಾಧಾನವಾಗಿಯೇ ಹೇಳಿದರು: “ಸಾರ್, ಮಿಲಿಟರಿ ಪೆಟ್ಟಿಗೆ ಎಲ್ಲಾ ಒಂದೇ ಥರ ಇರ್ತವೆ. ಒಂದೇ ಫ್ಯಾಕ್ಟ್ರೀಲಿ ಮಾಡಿಸಿರ್ತಾರೆ.”

“ಸರಿ. ಎಡಗಡೆ ಮೂಲೆ ಒಡೆದಿದೆಯಲ್ಲ, ಅದು?”

ಮಾಲೀಕರು ಟಿವಿ ನೋಡಿದರು, ಇನ್‌ಸ್ಪೆಕ್ಟರನ್ನು ನೋಡಿದರು. “ಅದನ್ನೂ ಫ್ಯಾಕ್ಟ್ರೀಲೇ ಒಡೆಸಿರ್ತಾರೆ ಸಾರ್” ಅಂದರು.

ಇನ್‌ಸ್ಪೆಕ್ಟರು ಕಾಫಿ ಮುಗಿಸಿದರು. ಹೊರಗೆ ಬಂದ ಮೇಲೆ ನನಗೆ ಮಾತ್ರ ಕೇಳುವ ಹಾಗೆ, “ಬೆಟ್ಟ ಗೆದ್ದಿದ್ದು ನಿಜ ಇರ್ಬೋದು ಕಣಯ್ಯಾ. ಹತ್ತಿದವರಿಗೆ ಕೈ ಮುಗೀತೀನಿ. ನನಗೆ ಅನುಮಾನ ಇರೋದು ಪೆಟ್ಟಿಗೆ ಮೇಲೆ ಮಾತ್ರ” ಅಂದರು.

ಆಳಿಗೊಂದು ರೆಕ್ಕೆ

ಶಿವಾಜಿನಗರದಲ್ಲಿ ನನಗೊಬ್ಬ ಗೆಳೆಯನಿದ್ದ. ಅವನೂ ಪೇಂಟರೇ, ಉರ್ದು ಬೋರ್ಡು ಬರೆಯುವವನು. ನಮ್ಮಿಬ್ಬರಲ್ಲಿ ಕನ್ನಡ ನನಗೆ, ಉರ್ದು ಅವನಿಗೆ, ಇಂಗ್ಲಿಷು ಯಾರಿಗೆ ಬಿಡುವಿದೆಯೋ ಅವರಿಗೆ. ಅವನ ತಮ್ಮ ದುಬೈನಲ್ಲಿ ಕೆಲಸಕ್ಕಿದ್ದ. ತಮ್ಮನ ಕೋಣೆಯಲ್ಲಿ ಜೊತೆಗಿದ್ದವನು ಪಾಕಿಸ್ತಾನದವನು. ಇಬ್ಬರೂ ಒಂದೇ ಒಲೆಯಲ್ಲಿ ಅನ್ನ ಮಾಡಿಕೊಳ್ಳುತ್ತಿದ್ದರು. ನನ್ನ ಗೆಳೆಯ ಶುಕ್ರವಾರ ಶುಕ್ರವಾರ ನಮ್ಮ ಗಲ್ಲಿಯ ಬೂತಿಗೆ ಬಂದು ತಮ್ಮನಿಗೆ ಫೋನ್ ಮಾಡುತ್ತಿದ್ದ. ಶಿವಾಜಿನಗರದಲ್ಲಿ ಬೂತು ಇಲ್ಲದೆ ಅಲ್ಲ. ಅವನು ಬಂದರೆ ನನಗೂ ಅಲ್ಲಿ ನಿಲ್ಲಲು ಒಂದು ನೆಪ ಸಿಗುತ್ತದೆ ಎಂದು ಬರುತ್ತಿದ್ದ. ಒಳ್ಳೆಯ ಗೆಳೆಯ.

ಆ ವಾರ ಒಂದು ಸಂಜೆ ಪತ್ರಿಕೆಯಲ್ಲಿ ಮುರಿದ ವಿಮಾನದ ರೆಕ್ಕೆಯ ಚಿತ್ರ ಬಂದಿತ್ತು. ಶತ್ರು ವಿಮಾನದ್ದು, ನಮ್ಮವರ ಕೈಗೆ ಸಿಕ್ಕಿದೆ ಎಂದು ಕೆಳಗೆ ಬರೆದಿದ್ದರು. ಗೆಳೆಯ ಪತ್ರಿಕೆ ಹಿಡಿದುಕೊಂಡೇ ಫೋನಿನಲ್ಲಿ ತಮ್ಮನಿಗೆ ಓದಿ ಹೇಳಿದ. ಆ ಕಡೆ ಏನೋ ಗದ್ದಲ. ಅವನು ರಿಸೀವರನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದ.

“ಗುರು, ಅವನ ರೂಮ್‌ಮೇಟ್ ಹತ್ರಾನೂ ಒಂದು ಪೇಪರ್ ಐತಂತೆ. ಅದರಲ್ಲೂ ರೆಕ್ಕೆ ಫೋಟೋ ಐತಂತೆ. ಅದು ನಮ್ಮ ವಿಮಾನದ್ದು, ಅವರಿಗೆ ಸಿಕ್ಕೈತೆ ಅಂತ ಬರೆದಿದ್ದಾರಂತೆ.”

“ಎರಡೂ ಹೆಂಗಿದೆ ಅಂತ ಕೇಳು.”

ಕೇಳಿದ. “ಮುರಿದಿರೋ ಜಾಗ, ಹಿಂದಗಡೆ ಕಲ್ಲು, ಎಲ್ಲಾ ಒಂದೇ ಅಂತೆ.”

ನಾವಿಬ್ಬರೂ ತಲೆ ಕೆರೆದುಕೊಳ್ಳುತ್ತ ನಿಂತಿದ್ದೆವು. ಹುಡುಗಿ ಮೀಟರಿನ ಮೇಲಿನ ಕಣ್ಣು ತೆಗೆಯದೆ, “ಅದರಲ್ಲೇನಿದೆ? ವಿಮಾನಕ್ಕೆ ಇರೋದು ಎರಡು ರೆಕ್ಕೆ. ಒಂದೇ ವಿಮಾನ ಇರ್ಬೇಕು, ಆಳಿಗೊಂದು ಅಂತ ಹಂಚ್ಕೊಂಡಿದ್ದಾರೆ” ಅಂದಳು.

ಇವಳು ನಿಜವಾಗಿಯೂ ಅವರ ಮಗಳೇ ಎಂದು ನನಗೆ ಆವತ್ತು ಖಾತ್ರಿಯಾಯಿತು.

ಯಾವ ಶತ್ರು ಬೇಕು?

ಯುದ್ಧ ಮುಗಿದು ಗಣೇಶನ ಹಬ್ಬ ಬಂತು. ಆ ವರ್ಷ ಎಲ್ಲ ಪೆಂಡಾಲಿನಲ್ಲೂ ಕಾರ್ಗಿಲ್. ಫ್ರೇಜರ್ ಟೌನ್ ಕಡೆಯ ಒಂದು ಮಂಡಳಿ ಹತ್ತಿಯಲ್ಲಿ ಹಿಮದ ಬೆಟ್ಟ ಮಾಡಿ ಗಣೇಶನಿಗೆ ಸ್ವೆಟರ್ ಹಾಕಿತ್ತು. ಇಂದಿರಾನಗರದಲ್ಲಿ ಗಣೇಶನ ಒಂದು ಕೈಗೆ ಮೋದಕ, ಇನ್ನೊಂದು ಕೈಗೆ ಬಂದೂಕು. ಇದನ್ನೆಲ್ಲ ನೋಡಿಕೊಂಡು ಬಂದ ನಮ್ಮ ಗಲ್ಲಿಯ ಮಂಡಳಿಯ ಅಧ್ಯಕ್ಷರಿಗೆ ಊಟ ಸೇರಲಿಲ್ಲ. “ನಾವು ಶತ್ರುಗಳಿಂದ ಕಿತ್ಕೊಂಡಿರೋ ಸಾಮಾನಿನ ಪ್ರದರ್ಶನ ಇಡ್ತೀವಿ” ಎಂದು ಘೋಷಿಸಿದರು. ಈ ಅಧ್ಯಕ್ಷರೇ ನನ್ನ ಅಂಗಡಿಯ ಮಾಲೀಕರು. ಆದ್ದರಿಂದ ಪ್ರದರ್ಶನದ ಬೋರ್ಡುಗಳನ್ನು ಯಾರು ಬರೆಯಬೇಕು ಎಂಬ ಚರ್ಚೆ ಬರಲಿಲ್ಲ.

ಸಾಮಾನು ಎಲ್ಲಿಂದ ಬರಬೇಕು? ನಾನು, ಅಧ್ಯಕ್ಷರು, ನನ್ನ ಉರ್ದು ಪೇಂಟರ್ ಗೆಳೆಯ ಮೂವರೂ ಶಿವಾಜಿನಗರದ ಗುಜರಿ ಅಂಗಡಿಗಳ ಬೀದಿಗೆ ಹೋದೆವು. ಅಲ್ಲಿ ಕಾರು ಬಿಚ್ಚಿದರೆ ಸಂಜೆಯೊಳಗೆ ಅದು ಕಾರಾಗಿತ್ತು ಎನ್ನುವುದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಒಂದು ಅಂಗಡಿಯಲ್ಲಿ ಹಳೆಯ ಕಬ್ಬಿಣದ ಟೋಪಿಗಳು, ಹಿತ್ತಾಳೆಯ ದೊಡ್ಡ ಕೊಳವೆಗಳು, ನೀರಿನ ಕ್ಯಾನುಗಳು ರಾಶಿ ಬಿದ್ದಿದ್ದವು. ಅಧ್ಯಕ್ಷರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು.

“ಶತ್ರು ಸೈನಿಕರ ಹೆಲ್ಮೆಟ್ ಇದ್ಯಾ?”

ಗುಜರಿಯವನು ವ್ಯಾಪಾರಸ್ಥ. ಇಲ್ಲ ಎನ್ನುವ ಮಾತು ಅವನ ಬಾಯಲ್ಲಿ ಇರಲಿಲ್ಲ. “ಯಾವ ಶತ್ರುದು ಬೇಕು ಸಾಬ್?” ಎಂದು ಕೇಳಿದ.

“ಅಂದ್ರೆ?”

“ಪಾಕಿಸ್ತಾನದ್ದು ಈಗ್ಲೇ ತಗೊಂಡು ಹೋಗಿ. ಚೀನಾದ್ದು ಬೇಕಾದ್ರೆ ನಾಳೆ ಬನ್ನಿ, ಪೇಂಟ್ ಇನ್ನೂ ಒಣಗಿಲ್ಲ.”

ಮೂರು ಚಕ್ರ

ಟೋಪಿ, ಕ್ಯಾನುಗಳಿಂದ ಅಧ್ಯಕ್ಷರಿಗೆ ತೃಪ್ತಿಯಾಗಲಿಲ್ಲ. ಟ್ಯಾಂಕೇ ಬೇಕು ಅಂದರು. ಬರೀ ನಿಂತಿದ್ದರೆ ಸಾಲದು, ವಿಸರ್ಜನೆಯ ದಿನ ಗಣೇಶನ ಮುಂದೆ ಹಲಸೂರು ಕೆರೆಯವರೆಗೆ ಓಡಬೇಕು. ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದ ಕಲಬುರಗಿ ಕಡೆಯ ಬಡಗಿಯೊಬ್ಬ ಬಂದ. ನಮ್ಮ ಗಲ್ಲಿಯ ಆಟೋದವನು ದೇವರ ಕೆಲಸ ಎಂದು ತನ್ನ ಆಟೋ ಬಿಟ್ಟುಕೊಟ್ಟ. ಅದರ ಸುತ್ತ ಪ್ಲೈವುಡ್ ಹೊಡೆದು, ಮೇಲೆ ಒಂದು ಹಳೆಯ ಸಿಂಟೆಕ್ಸ್ ತೊಟ್ಟಿ ಬೋರಲು ಹಾಕಿ, ಅದಕ್ಕೆ ಡ್ರೈನೇಜ್ ಪೈಪು ಸಿಕ್ಕಿಸಿದರೆ ಟ್ಯಾಂಕು ತಯಾರು. ಹಸಿರು ಬಣ್ಣ ನಾನು ಹೊಡೆದೆ. ಸುಳ್ಳು ಹೇಳಬಾರದು, ನೋಡಲು ಚೆನ್ನಾಗಿಯೇ ಇತ್ತು.

“ಟ್ಯಾಂಕ್ ಯಾವತ್ತಾದ್ರೂ ನೋಡಿದ್ದೀಯಾ?” ಎಂದು ಬಡಗಿಯನ್ನು ಕೇಳಿದೆ.

“ಇಲ್ರೀ. ತೇರು ಮಾಡೀನಿ. ಅಡ್ಡಡ್ಡ ಮಲಗಿಸಿದ್ರ ಇದೂ ಹಂಗ ಆಗ್ತದ್ರಿ.”

‘ಶತ್ರುಗಳಿಂದ ವಶಪಡಿಸಿಕೊಂಡ ಟ್ಯಾಂಕ್’ ಎಂದು ಬಟ್ಟೆಯ ಬ್ಯಾನರ್ ಬರೆದುಕೊಟ್ಟೆ. ಮೊದಲ ದಿನವೇ ಇನ್‌ಸ್ಪೆಕ್ಟರು ಬಂದರು. ಅವರು ಟ್ಯಾಂಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ ಪ್ಲೈವುಡ್ಡಿನ ಕೆಳಗೆ ಇಣುಕಿದರು. ಸೀಟಿನ ಕೆಳಗೆ ಬಚ್ಚಿಟ್ಟುಕೊಂಡವರನ್ನು ಹುಡುಕಿ ಅಭ್ಯಾಸ ಇರಬೇಕು. ಎದ್ದು, ಎಲ್ಲರಿಗೂ ಕೇಳುವ ಹಾಗೆ, “ಮೂರೇ ಚಕ್ರ ಇದೆ” ಅಂದರು.

ಜನ ಬಗ್ಗಿ ನೋಡತೊಡಗಿದರು. ಮುಂದೆ ಒಂದು, ಹಿಂದೆ ಎರಡು. ಈಗ ಮಂಡಳಿಯ ಮಾನ ಹರಾಜಾಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅಧ್ಯಕ್ಷರು ಸ್ವಲ್ಪವೂ ಅಳುಕದೆ ಮೈಕ್ ತೆಗೆದುಕೊಂಡರು.

“ಅದಕ್ಕೇ ಅವರು ಸೋತಿದ್ದು!”

ಚಪ್ಪಾಳೆ ಬಿತ್ತು. ಆ ಸದ್ದಿನಲ್ಲಿ ಇನ್‌ಸ್ಪೆಕ್ಟರು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದನ್ನು ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರೇ ಹೇಳಬೇಕು.

ಅದೇ ಸಂಜೆ ಧೈರ್ಯ ಮಾಡಿ ಅವರ ಮನೆಗೆ ಹೋದೆ. ತಡ ಮಾಡಿದರೆ ಅಧ್ಯಕ್ಷರು ಇನ್ನೇನು ವಶಪಡಿಸಿಕೊಳ್ಳುತ್ತಾರೋ ಎಂಬ ಹೆದರಿಕೆ. ಮದುವೆಯ ವಿಷಯ ಹೇಳಿದೆ. ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ನಿನ್ನ ಕೈಯಿಂದ ನಿಜ ಬರೆದಿರೋ ಬೋರ್ಡು ನಾನು ಇಲ್ಲೀವರೆಗೂ ನೋಡಿಲ್ಲ” ಅಂದರು. “ಆ ಟ್ಯಾಂಕಿನ ಮೇಲೆ ಇರೋ ವಿಷಯ ಇರೋ ಹಂಗೆ ಬರಿ. ಜನ ಓದ್ಲಿ. ಆಮೇಲೆ ಬಂದು ಹೆಣ್ಣು ಕೇಳು.”

“ಸಾರ್, ಅಧ್ಯಕ್ಷರು ಅಂಗಡಿ ಖಾಲಿ ಮಾಡಿಸ್ಬಿಡ್ತಾರೆ.”

“ಮಾಡಿಸ್ತಾರೆ” ಎಂದು ಒಪ್ಪಿಕೊಂಡರು. ನಾನು ಹೇಳಿದ್ದರಲ್ಲಿ ಅವರು ಅನುಮಾನವಿಲ್ಲದೆ ಒಪ್ಪಿದ ಮೊದಲ ಮಾತು ಅದು.

ಪಾರ್ಸಲ್

ನಾನು ಅಂಗಡಿಯೋ ಹುಡುಗಿಯೋ ಎಂದು ಲೆಕ್ಕ ಹಾಕುತ್ತಿರುವಾಗಲೇ ಅಧ್ಯಕ್ಷರಿಗೆ ಇನ್ನೊಂದು ಯೋಚನೆ ಬಂತು. ಗುಜರಿಯಿಂದ ತಂದ ದೊಡ್ಡ ಹಿತ್ತಾಳೆ ಕೊಳವೆಗೆ ತಗಡಿನ ಮೂತಿ ಕೂರಿಸಿ ಬಾಂಬು ಮಾಡಿಸಿದ್ದರು. ಅದರ ಮೇಲೆ ಉರ್ದು ಬರಹ ಇದ್ದರೆ ಕಳೆ ಬರುತ್ತದೆ ಅಂದರು. “ಏನು ಬರೀಬೇಕು?” ಎಂದು ಕೇಳಿದೆ. “ಏನಾದ್ರೂ ಬರಿಸು, ಯಾರಿಗೆ ಗೊತ್ತಾಗುತ್ತೆ?” ಅಂದರು.

ಗೆಳೆಯನಿಗೆ ಹೇಳಿಕಳಿಸಿದೆ. ಅವನು ಮಸೀದಿ ರಸ್ತೆಯ ಒಂದು ಬಿರಿಯಾನಿ ಹೋಟೆಲಿನ ಬೋರ್ಡಿನ ಕೆಲಸ ಅರ್ಧಕ್ಕೆ ಬಿಟ್ಟು, ಅದೇ ಬ್ರಷ್ಷು ಹಿಡಿದುಕೊಂಡು ಬಂದ. ಒಂದು ಸಾಲು ಸರಸರ ಬರೆದು, ಅಡಿಯಲ್ಲಿ ಒಂದು ಬಳ್ಳಿ ಎಳೆದು, “ಗಿರಾಕಿ ಕಾಯ್ತಾವ್ನೆ ಗುರು” ಎಂದು ಓಡಿಹೋದ. ಬಾಂಬಿಗೆ ನಿಜಕ್ಕೂ ಕಳೆ ಬಂತು. ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಮಾರನೆಯ ಸಂಜೆ ಪುಲಿಕೇಶಿನಗರದ ಒಬ್ಬ ಹಿರಿಯ ದರ್ಜಿ ಸಾಹೇಬರು ಮೊಮ್ಮಗಳನ್ನು ಕರೆದುಕೊಂಡು ಗಣೇಶನನ್ನು ನೋಡಲು ಬಂದರು. ಬಾಂಬಿನ ಮುಂದೆ ನಿಂತು ಕನ್ನಡಕ ಹಾಕಿಕೊಂಡು ಓದಿದರು. ಗಡ್ಡದೊಳಗೇ ನಗತೊಡಗಿದರು. ಅಧ್ಯಕ್ಷರಿಗೆ ಅನುಮಾನ ಬಂತು.

“ಏನ್ ಬರ್ದಿದೆ ಸಾಹೇಬ್ರೇ?”

“ಪಾರ್ಸಲ್ ವ್ಯವಸ್ಥೆ ಇದೆ ಅಂತ ಬರ್ದಿದೆ ಸಾಬ್.”

ಹುಡುಗಿಯೂ ಅಲ್ಲೇ ಇದ್ದಳು, ಸೆರಗು ಬಾಯಿಗೆ ಒತ್ತಿಕೊಂಡು ಕಂಬದ ಹಿಂದೆ ಹೋದಳು. ಅಧ್ಯಕ್ಷರು ಒಂದು ಕ್ಷಣ ಬಾಂಬನ್ನೇ ನೋಡಿದರು. ಆಮೇಲೆ ಅವರ ಮುಖ ಕೆಂಪಗಾಯಿತು. ಮೈಕ್ ಕೈಗೆತ್ತಿಕೊಂಡರು.

“ನೋಡಿ ಬಂಧುಗಳೇ, ನೋಡಿ! ಎಷ್ಟು ಧಿಮಾಕು ಅವರಿಗೆ! ಬಾಂಬನ್ನ ನಮಗೆ ಪಾರ್ಸಲ್ ಕಳಿಸ್ತಾರಂತೆ!”

ದರ್ಜಿ ಸಾಹೇಬರು ನನ್ನ ಹತ್ತಿರ ಬಂದು, “ಕೆಳಗಡೆ ಇನ್ನೊಂದು ಸಾಲು ಬರ್ದಿದ್ರೆ ಚೆನ್ನಾಗಿತ್ತು ಬೇಟಾ” ಅಂದರು. “ಶುಕ್ರವಾರ ರಜಾ ಅಂತ.”

ಚಪಾತಿ

ನಗುತ್ತಲೇ ಹೇಳುತ್ತಿದ್ದೇನೆ, ಆದರೆ ಇದೊಂದನ್ನು ನೆನೆದರೆ ನನಗೆ ನಗುವಿನ ಜೊತೆ ಇನ್ನೇನೋ ಬರುತ್ತದೆ. ಹೊರಮಾವಿನ ಒಬ್ಬ ತಾಯಿಯ ಮಗ ಸೈನ್ಯದಲ್ಲಿದ್ದ, ಗಡಿಯ ಕಡೆಯೇ ಇದ್ದ. ಅಧ್ಯಕ್ಷರು ಆಕೆಯನ್ನು ಕರೆಸಿ, ಟ್ಯಾಂಕಿನ ಪಕ್ಕ ನಿಲ್ಲಿಸಿ, ಹಾರ ಹಾಕಿದರು. ಹೊಲಗದ್ದೆ ಮಾಡಿಕೊಂಡಿದ್ದ ಮನೆಯ ಹೆಂಗಸು. ಮೈಕನ್ನು ನೋಡಿ ಅರ್ಧ ಹೆಜ್ಜೆ ಹಿಂದೆ ಸರಿದರು.

“ಇಂಥ ಟ್ಯಾಂಕುಗಳನ್ನ ಹಿಡಿದ ವೀರನ ತಾಯಿ ಇವರು! ಅಮ್ಮಾ, ನಿಮ್ಮ ಮಗ ಯುದ್ಧದಲ್ಲಿ ಏನ್ ಮಾಡಿದ್ರು ಹೇಳಿ.”

“ಚಪಾತಿ ಮಾಡ್ದ” ಅಂದರು ಆಕೆ.

ಅಧ್ಯಕ್ಷರು ಮೈಕ್ ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು. ಆಕೆಗೆ ಅಷ್ಟರಲ್ಲಿ ಮೈಕಿನ ಹೆದರಿಕೆ ಬಿಟ್ಟುಹೋಗಿತ್ತು. “ಅಡಿಗೆಯವನು ಸ್ವಾಮಿ ಅವನು. ಮನೇಲಿ ಒಂದು ಲೋಟ ತೊಳೆದಿಡೋನಲ್ಲ. ಅಲ್ಲಿ ಅಷ್ಟು ಜನಕ್ಕೆ ಚಪಾತಿ ಲಟ್ಟಿಸ್ತಾನಂತೆ. ಸ್ವೆಟರ್ ಹೆಣ್ದಿಟ್ಟಿದ್ದೀನಿ, ಆ ಕಡೆ ಹೋಗೋರು ಯಾರಾದ್ರೂ ಇದ್ದೀರಾ?”

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವ ಮಾತೂ ಅಲ್ಲ. ಇನ್‌ಸ್ಪೆಕ್ಟರು ಎದ್ದು ಬಂದು ತಾವು ಕೂತಿದ್ದ ಕುರ್ಚಿಯನ್ನು ಆಕೆಗೆ ಕೊಟ್ಟರು.

“ಮಗ ಚೆನ್ನಾಗಿದ್ದಾನೇನಮ್ಮಾ?”

“ಚೆನ್ನಾಗಿದ್ದೀನಿ ಅಂದ ಫೋನಲ್ಲಿ.”

ಅವರು ತಲೆ ಆಡಿಸಿದರು. ಒಂದೇ ಒಂದು ಮರುಪ್ರಶ್ನೆ ಕೇಳಲಿಲ್ಲ. ಫೋನಿನಲ್ಲಿ ಯಾರು ಬೇಕಾದರೂ ಚೆನ್ನಾಗಿದ್ದೇನೆ ಎನ್ನಬಹುದು ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೇಳಲಿಲ್ಲ. ನಾನು ಅಂಗಡಿಗೆ ಹೋಗಿ ಬ್ಯಾನರಿಗೆ ಹೊಸ ಬಟ್ಟೆ ಹಾಸಿ, ಬ್ರಷ್ಷು ತೊಳೆದೆ. ಅಂಗಡಿ ಹೋದರೆ ಹೋಗಲಿ ಎಂದು ಆಗಲೇ ಅನ್ನಿಸಿದ್ದು.

ನಿಜದ ಬೋರ್ಡು

ವಿಸರ್ಜನೆಯ ದಿನ ಬೆಳಿಗ್ಗೆ, ಅಧ್ಯಕ್ಷರು ಸ್ನಾನಕ್ಕೆ ಹೋಗಿದ್ದಾಗ, ಹಳೆಯ ಬ್ಯಾನರ್ ಇಳಿಸಿ ಹೊಸದನ್ನು ಕಟ್ಟಿದೆ. ದಪ್ಪ ಅಕ್ಷರ, ದೂರದಿಂದಲೂ ಕಾಣಬೇಕು. ‘ಇದು ಶತ್ರು ಟ್ಯಾಂಕ್ ಅಲ್ಲ. ಹಲಸೂರಿನಲ್ಲೇ ಪ್ಲೈವುಡ್‌ನಲ್ಲಿ ಮಾಡಿದ್ದು. ಒಳಗೆ ಇರುವುದು ಆಟೋ.’ ಕಟ್ಟಿದ ಮೇಲೆ ಅಂಗಡಿಗೆ ಹೋಗಿ ಡಬ್ಬಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಬಾಗಿಲಲ್ಲಿಟ್ಟು ಬಂದೆ. ಅಧ್ಯಕ್ಷರು ಹೊರಗೆ ಹಾಕುವ ಮೊದಲು ನಾನೇ ಹಾಕಿಕೊಂಡರೆ ಮರ್ಯಾದೆ.

ಜನ ಬರತೊಡಗಿದರು. ಮೊದಲು ಬಂದ ಒಂದು ಸಂಸಾರ ಬ್ಯಾನರನ್ನು ಗಟ್ಟಿಯಾಗಿ ಓದಿತು. ಹೆಂಡತಿ ಗಂಡನ ಮುಖ ನೋಡಿದಳು. ಗಂಡ ದನಿ ತಗ್ಗಿಸಿ, “ಬೇಕೂಂತ ಹಂಗೆ ಬರ್ದಿದ್ದಾರೆ ಕಣೇ, ಸೆಕ್ಯೂರಿಟಿಗೆ” ಅಂದ.

ಅವನ ಹಿಂದಿದ್ದವನಿಗೆ ಕೇಳಿಸಿತು. ಅವನು ತನ್ನ ಹಿಂದಿದ್ದವನಿಗೆ ಹೇಳಿದ. ಕಾಫಿ ಹೋಟೆಲಿನವರೆಗೆ ಹೋಗುವಷ್ಟರಲ್ಲಿ ಮಾತು ಬೆಳೆದಿತ್ತು: ಮೇಲಿನಿಂದ ಆರ್ಡರ್ ಬಂದಿದೆಯಂತೆ, ನಿಜವಾದ ಟ್ಯಾಂಕ್ ಎಂದು ಬರೆಯಬಾರದಂತೆ. ಇಷ್ಟು ದಿನ ಪ್ಲೈವುಡ್ ಎಂದು ನಗುತ್ತಿದ್ದವರೂ ಓಡಿ ಬಂದು ಸಾಲಿನಲ್ಲಿ ನಿಂತರು. ಒಬ್ಬರು ಕುಂಕುಮ ಹಚ್ಚಿದರು. ಸಿಂಟೆಕ್ಸ್ ತೊಟ್ಟಿಯ ಮೇಲೆ ಕಂಪನಿಯ ಹೆಸರು ನನ್ನ ಹಸಿರು ಬಣ್ಣದ ಅಡಿಯಿಂದ ಉಬ್ಬಿ ಕಾಣುತ್ತಿತ್ತು. ಅದನ್ನು ತೋರಿಸಿ, “ನೋಡಿ, ಎಷ್ಟು ಚೆನ್ನಾಗಿ ಮರೆಮಾಚಿದ್ದಾರೆ” ಎಂದು ಒಬ್ಬರು ಇನ್ನೊಬ್ಬರಿಗೆ ವಿವರಿಸಿದರು.

ಅಧ್ಯಕ್ಷರು ಒದ್ದೆ ತಲೆಯಲ್ಲೇ ಬಂದರು. ಬ್ಯಾನರ್ ಓದಿ ನನ್ನ ಕಡೆ ತಿರುಗಿದಾಗ ಅವರ ಕಣ್ಣು ಕೆಂಡ. ಬಾಯಿ ತೆರೆದರು. ಅಷ್ಟರಲ್ಲಿ ಸಾಲು ಕಣ್ಣಿಗೆ ಬಿತ್ತು. ಅದು ಗಲ್ಲಿ ದಾಟಿ ಬಜಾರಿಗೆ ತಿರುಗಿತ್ತು. ತೆರೆದ ಬಾಯಿ ಹಾಗೇ ಮುಚ್ಚಿದರು.

“ಇಷ್ಟು ದಿನ ಯಾಕೋ ಈ ಐಡಿಯಾ ಮಾಡ್ಲಿಲ್ಲ?” ಅಂದರು.

ಅಂಗಡಿ ಉಳಿಯಿತು. ಆದರೆ ಮುಖ್ಯ ಪರೀಕ್ಷೆ ಇನ್ನೂ ಇತ್ತು. ಇನ್‌ಸ್ಪೆಕ್ಟರು ಮಗಳ ಜೊತೆ ಬಂದರು, ಸಾಲಿನಲ್ಲೇ ಬಂದರು. ಬ್ಯಾನರಿನ ಮುಂದೆ ನಿಂತು ಮೇಲಿನಿಂದ ಕೆಳಗೆ ಓದಿದರು. ಇನ್ನೊಂದು ಸಲ ಓದಿದರು. 

“ಬರ್ದಿದ್ದೀಯ” ಅಂದರು.

“ಹೂಂ ಸಾರ್. ಇರೋ ವಿಷಯ ಇರೋ ಹಂಗೆ.”

“ಹೌದು. ಬರ್ದಿದ್ದೀಯ.” ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡರು. “ಒಳಗಡೆ ಆಟೋ ಇದೆ ಅಂತ ಏನು ಗ್ಯಾರಂಟಿ?”

“ಅಪ್ಪಾ!” ಅಂದಳು ಹುಡುಗಿ.

“ಸುಮ್ನಿರು. ಟಿಕೆಟ್ ತೋರಿಸಿದ ಮಾತ್ರಕ್ಕೆ ಆಯ್ತಾ? ತಾರೀಕು ನೋಡ್ಬೇಡ್ವಾ?” ಎಂದವರೇ ಪಂಚೆ ಎತ್ತಿ ಕಟ್ಟಿ ಮಂಡಿಯೂರಿದರು. ನಾನು ನೆಮ್ಮದಿಯಾಗಿ ನಿಂತಿದ್ದೆ. ಮೊದಲ ದಿನ ಅವರೇ ನೋಡಿದ ಆಟೋ ತಾನೆ? ಅವರು ಬಹಳ ಹೊತ್ತು ಏಳಲಿಲ್ಲ. ಕೊನೆಗೆ ಅಲ್ಲಿಂದಲೇ ಕರೆದರು.

“ಬಾ ಇಲ್ಲಿ.”

ಬಗ್ಗಿ ನೋಡಿದೆ. ಒಳಗೆ ಆಟೋ ಇರಲಿಲ್ಲ. ನಾಲ್ಕು ಮೂಲೆಗೂ ಇಟ್ಟಿಗೆ ಕೊಟ್ಟು ಪ್ಲೈವುಡ್ಡನ್ನು ನಿಲ್ಲಿಸಿದ್ದರು. ಆ ಕಡೆ ಸಾಲಿನಲ್ಲಿ ನಿಂತವರ ಚಪ್ಪಲಿಗಳು ಕಾಣುತ್ತಿದ್ದವು. ಆಟೋದವನು ಬೆಳಗಾಗುವ ಮೊದಲೇ ಆಟೋ ಬಿಡಿಸಿಕೊಂಡು, ವಿಸರ್ಜನೆ ನೋಡಲು ಬರುವ ಹೆಂಡತಿಯ ತವರಿನವರನ್ನು ಕರೆತರಲು ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗಿದ್ದ. ಮೆರವಣಿಗೆಯ ಹೊತ್ತಿಗೆ ಬಂದರೆ ಸಾಕಲ್ಲ ಎಂದುಕೊಂಡನಂತೆ. ಇದು ನನಗೆ ಗೊತ್ತಾದದ್ದು ಆಮೇಲೆ.

ನಾನು ಬದುಕಿನಲ್ಲಿ ಬರೆದ ಒಂದೇ ಒಂದು ನಿಜದ ಬೋರ್ಡು ಸುಳ್ಳಾಗಿತ್ತು.

ನಾವಿಬ್ಬರೂ ಬಗ್ಗಿದ್ದನ್ನು ನೋಡಿ ಜನರೂ ಬಗ್ಗಿದರು. ಒಳಗೆ ಖಾಲಿ! ಗುಸುಗುಸು ಎದ್ದಿತು. ಅಧ್ಯಕ್ಷರು ಇಂಥದ್ದಕ್ಕೆಲ್ಲ ಜಗ್ಗುವವರೇ ಅಲ್ಲ.

“ಗಾಬರಿ ಬೇಡಿ ಬಂಧುಗಳೇ! ಶತ್ರು ಟ್ಯಾಂಕಿನ ಇಂಜಿನ್ನನ್ನ ನಮ್ಮ ಯೋಧರು ಅಲ್ಲೇ ಕಿತ್ತು ಹಾಕಿದ್ದಾರೆ!”

ಆ ಹಬ್ಬದ ಅತಿ ದೊಡ್ಡ ಚಪ್ಪಾಳೆ ಅದು. ತಟ್ಟದೆ ನಿಂತವರು ನಾವು ಮೂವರು ಮಾತ್ರ. ಹುಡುಗಿ ತಲೆ ಮೇಲೆ ಕೈ ಹೊತ್ತುಕೊಂಡಿದ್ದಳು.

ಅವರು ಮಂಡಿಯ ಮಣ್ಣು ಕೊಡವಿಕೊಂಡರು. “ಏನಾದ್ರೂ ಹೇಳೋದಿದ್ಯಾ?”

ಏನು ಹೇಳುವುದು? ನಿನ್ನೆ ಇತ್ತು ಎನ್ನಲೇ? ಇಲ್ಲೇ ಎಲ್ಲೋ ಇರಬೇಕು ಎನ್ನಲೇ? ಅಂಥ ಮಾತುಗಳನ್ನು ಅವರು ಸರ್ವೀಸಿನಲ್ಲಿ ಎಷ್ಟು ಕೇಳಿಲ್ಲ! ಹುಡುಗಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಕೈಯಲ್ಲಿ ಬ್ರಷ್ಷು ಹಿಡಿದುಕೊಂಡು ಸುಮ್ಮನೆ ನಿಂತೆ.

ಅವರು ನನ್ನನ್ನು ದಿಟ್ಟಿಸಿ ನೋಡಿದರು. “ಅಷ್ಟು ವರ್ಷದಲ್ಲಿ ಸಿಕ್ಕಿಬಿದ್ದವನು ಒಬ್ಬನೂ ಸುಮ್ನೆ ನಿಂತಿದ್ದಿಲ್ಲ” ಅಂದರು. “ಗಾಳೀಲಿ ಹಾರೋಯ್ತು, ಮಗು ತಿಂದ್ಬಿಡ್ತು, ಹೆಂಡ್ತಿ ಹತ್ರ ಇದೆ. ಎಲ್ರ ಹತ್ರಾನೂ ಒಂದು ಕಥೆ ಇರ್ತಿತ್ತು. ನಿನ್ನ ಹತ್ರ ಒಂದೂ ಇಲ್ಲ.”

“ಇಲ್ಲ ಸಾರ್.”

“ನಾಳೆ ಬೆಳಿಗ್ಗೆ ಅಪ್ಪ ಅಮ್ಮನ್ನ ಕರ್ಕೊಂಡು ಮನೆಗೆ ಬಾ.”

ಕಿವಿಯನ್ನು ನಂಬಲಾಗಲಿಲ್ಲ. ಹುಡುಗಿ ನನ್ನನ್ನು ನೋಡಿ ನಕ್ಕಳು. ಅವಳು ನಕ್ಕದ್ದು ನಿಜ, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಸಡಗರದಲ್ಲಿ ಏನು ಮಾತಾಡುತ್ತಿದ್ದೇನೆ ಎನ್ನುವುದೂ ತಿಳಿಯದೆ, “ಜಾತಕಾನೂ ತಗೊಂಡು ಬರ್ಲಾ ಸಾರ್?” ಅಂದೆ.

ಅವರು ಹೊರಟಿದ್ದವರು ನಿಂತರು. ತಲೆಯ ಮೇಲೆ ಗಾಳಿಗೆ ಪಟಪಟ ಎನ್ನುತ್ತಿದ್ದ ಬ್ಯಾನರನ್ನು ಒಂದು ಸಲ ನೋಡಿದರು.

“ಬೇಡ. ಅದೂ ಯಾರೋ ಕೂತು ಬರ್ದಿರೋದೇ.”